ಅತ್ತಿಗೆಯ ಬಲೂನು ಪರದೆ

ನನಗೆ ಬಲೂನು ಕಂಡರಾಗದು. ಹುಟ್ಟುವಾಗಲೇ ಬಂದ ದ್ವೇಷವಲ್ಲ ಇದು. ನನ್ನ ಅಣ್ಣ ಮದುವೆಯಾಗಿ ಅತ್ತಿಗೆಯನ್ನು ಕರೆತಂದ, ಅತ್ತಿಗೆಯ ಹಿಂದೆ ಬಲೂನು ಬಂತು, ಬಲೂನಿನ ಹಿಂದೆ ಅದರ ನಾತ ಬಂತು. ಹಸಿ ರಬ್ಬರಿನ ಆ ವಾಸನೆ ನಮ್ಮ ಮನೆಯ ದಿಂಬಿಗೆ, ಟವೆಲಿಗೆ, ನೀರು ಕುಡಿಯುವ ಲೋಟಕ್ಕೆ ಕೂಡ ಹತ್ತಿಕೊಂಡಿದೆ. ಪೊರಕೆ ಹಿಡಿದರೆ ಕಡ್ಡಿಗಳ ನಡುವೆ ಒಡೆದ ಬಲೂನಿನ ಚೂರು. ಬಚ್ಚಲಿನ ತೂಬಿಗೆ ಕೈ ಹಾಕಿದರೆ ಕೂದಲಿನ ಜೊತೆ ಸುತ್ತಿಕೊಂಡ ಗುಲಾಬಿ ಬಾಲ. ಒಮ್ಮೆ ಊಟದ ನಡುವೆ ಹಲ್ಲಿಗೆ ಏನೋ ಜಿಗುಟು ಸಿಕ್ಕಿತು. ತೆಗೆದು ನೋಡಿದರೆ ನೀಲಿ ರಬ್ಬರು. ಅರ್ಧಕ್ಕೇ ಎದ್ದು ಕೈ ತೊಳೆದೆ.

"ವಿಷ ಅಲ್ಲ ಕಣೇ, ಮಕ್ಕಳು ಬಾಯಲ್ಲೇ ಇಟ್ಕೊಂಡಿರ್ತವೆ" ಎಂದು ಅತ್ತಿಗೆ ಸಮಾಧಾನ ಹೇಳಿದಳು.

ಅಣ್ಣನಿಗೆ ಇದೆಲ್ಲ ತಮಾಷೆ. ಅವನು ಸಾಮಾನು ಸಾಗಿಸುವ ವ್ಯಾನು ಓಡಿಸುತ್ತಾನೆ, ಹಗಲೆಲ್ಲ ಹೊರಗೇ ಇರುತ್ತಾನೆ. ಮನೆಗೆ ಬಂದು, ಕೋಣೆಯ ತುಂಬ ತೇಲುತ್ತಿರುವುದನ್ನು ನೋಡಿ, "ನಮ್ಮ ಮನೆಗೆ ಗಾಳಿ ಮೆಟ್ಟಿದೆ, ಯಾವ ಮಂತ್ರವಾದಿಗೂ ಬಿಡ್ಸೋಕಾಗಲ್ಲ" ಎಂದು ನಕ್ಕು ಮಲಗುತ್ತಾನೆ. ಬೀದಿಯವರು ಅವಳಿಗೆ ಗಾಳಿಯಕ್ಕ ಎಂದೇ ಹೆಸರಿಟ್ಟಿದ್ದಾರೆ. ಕರೆದರೆ ತಿರುಗಿ ನೋಡುತ್ತಾಳೆ, ಬೇಸರವಿಲ್ಲ.

ನನ್ನ ಕಸುಬೂ ಪರದೆಯದೇ. ಆದರೆ ನನ್ನದು ಬಟ್ಟೆಯ ಪರದೆ. ಕಿಟಕಿಗೆ, ಬಾಗಿಲಿಗೆ, ಆಸ್ಪತ್ರೆಯ ಮಂಚಗಳ ನಡುವೆ ಹಾಕುವಂಥದ್ದು. ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಯಂತ್ರ, ಹಿಂದಿನ ಕೋಣೆಯಲ್ಲಿ ಅವಳ ಗಾಳಿ ಪಂಪು. ಪರದೆ ಎಂದರೆ ಮರೆ. ಬಿಸಿಲು ಬರಬಾರದು, ಪಕ್ಕದ ಮನೆಯವರ ಕಣ್ಣು ಬರಬಾರದು, ನೋವಿನಲ್ಲಿ ನರಳುವವನ ಮುಖ ಎದುರಿನವನಿಗೆ ಕಾಣಬಾರದು, ಅದಕ್ಕೆ ಪರದೆ. ಬಲೂನು ಪರದೆ ಯಾವುದನ್ನು ಮರೆಸುತ್ತದೆ? ಒಳ್ಳೆಯ ಗೋಡೆಯ ಮುಂದೆ ರಬ್ಬರಿನ ಗುಂಡುಗಳನ್ನು ಇಳಿಬಿಟ್ಟು, ಅದರ ಮುಂದೆ ನಿಂತು ಹಲ್ಲು ಕಿಸಿಯುತ್ತಾರೆ. ಒಂದು ಸಂಜೆ ಕಳೆದರೆ ಕಸ. ಇಷ್ಟು ಹೇಳಿದರೆ ಅತ್ತಿಗೆ, "ನಿನ್ನ ಪರದೆ ನೋಡಿ ಯಾವತ್ತಾದ್ರೂ ಯಾರಾದ್ರೂ ನಕ್ಕಿದ್ದಾರಾ?" ಎನ್ನುತ್ತಾಳೆ. ಆ ಮಾತೂ ನನ್ನ ಸಿಟ್ಟಿಗೆ ಒಂದು ಕಾರಣ.

ಅವಳು ಕೆಲಸ ಮಾಡುವುದನ್ನು ಮಾತ್ರ ಹೊಗಳದೆ ಇರಲಾರೆ. ಒಂದು ರಟ್ಟಿನ ಪೆಟ್ಟಿಗೆ, ಅದರ ಮುಚ್ಚಳದಲ್ಲಿ ಒಂದು ದುಂಡನೆಯ ತೂತು. ಊದಿದ ಪ್ರತಿ ಬಲೂನನ್ನೂ ಆ ತೂತಿನಲ್ಲಿ ತೂರಿಸಿ ನೋಡುತ್ತಾಳೆ. ತಡೆದರೆ ಗಾಳಿ ಬಿಡಬೇಕು, ಸಡಿಲವಾದರೆ ಇನ್ನಷ್ಟು ತುಂಬಬೇಕು. ಪೂರ್ತಿ ಉಬ್ಬಿಸುವುದಿಲ್ಲ, ಉಬ್ಬಿಸಿದರೆ ಕತ್ತು ಉದ್ದವಾಗಿ ಸೋರೆಕಾಯಿ ಆಗುತ್ತದೆ. ಎರಡೂ ತುದಿಗೆ ಬಾಲವಿರುವ ಬಲೂನುಗಳನ್ನು ಒಂದರ ಬಾಲಕ್ಕೆ ಇನ್ನೊಂದರ ಬಾಲ ಗಂಟು ಹಾಕಿ ಸರ ಮಾಡುತ್ತಾಳೆ. ಸರದ ನಡುವೆ ಮೀನು ಹಿಡಿಯುವ ಸಣ್ಣ ದಾರ ಓಡುತ್ತದೆ, ಅದು ಕಾಣುವುದಿಲ್ಲ. ಸರಗಳನ್ನೆಲ್ಲ ಒಂದು ಅಲ್ಯೂಮಿನಿಯಂ ಕೊಳವೆಗೆ ಒತ್ತೊತ್ತಾಗಿ ಕಟ್ಟಿದರೆ ಪರದೆ. ಸರದ ಕೊನೆಗೆ ನೆಲ್ಲಿಕಾಯಿ ಗಾತ್ರದ ಪುಟ್ಟ ಬಲೂನು ಬರಬೇಕು. ಅದನ್ನು ಪಂಪಿಗೆ ಕೊಟ್ಟರೆ ಒಡೆಯುತ್ತದೆ, ಹಾಗಾಗಿ ಬಾಯಲ್ಲೇ ಊದುತ್ತಾಳೆ. ಎಂಜಲು. ಅವಳ ಎಂಜಲು ಗಾಳಿಯನ್ನು ದೊಡ್ಡ ದೊಡ್ಡವರು ಸರದ ತುದಿ ಎತ್ತಿ ಕೆನ್ನೆಗೆ ಒತ್ತಿಕೊಂಡು ಫೋಟೋ ತೆಗೆಸಿಕೊಳ್ಳುತ್ತಾರೆ. ನಾನು ಅದನ್ನು ನೆನೆದು ಮುಖ ಕಿವುಚುತ್ತೇನೆ, ಅವಳಿಗೆ ನಗು ಬರುತ್ತದೆ. ಗಂಟು ಹಾಕಿ ಹಾಕಿ ಅವಳ ತೋರುಬೆರಳಿನ ಚರ್ಮ ಸುಲಿದು ಬಿರುಕು ಬಿಟ್ಟಿದೆ. ರಾತ್ರಿ ಎಣ್ಣೆ ಹಚ್ಚಿಕೊಳ್ಳುವ ಹಾಗೂ ಇಲ್ಲ, ಎಣ್ಣೆ ಕೈ ತಗುಲಿದರೆ ಬಲೂನು ಕೆಡುತ್ತದಂತೆ.

ಅವಳ ಜೊತೆ ಕೆಲಸಕ್ಕೆ ಬರುವ ಹೆಂಗಸು ರಜೆ ಹಾಕಿದ ದಿನ ನಾನೇ ಹೋಗುತ್ತೇನೆ. ಪರದೆ ಕಟ್ಟುವಾಗಿನ ಪಾರ್ಟಿ ಹಾಲ್ ನೋಡಬೇಕು, ಬಿಚ್ಚುವಾಗಿನದನ್ನೂ ನೋಡಬೇಕು. ಕಟ್ಟುವಾಗ ಎಲ್ಲ ತೊಳೆದಿಟ್ಟ ಹಾಗೆ. ಬಿಚ್ಚಲು ಹೋದಾಗ ಕೇಕಿನ ಕೆನೆ ಬಲೂನಿಗೆ ಮೆತ್ತಿ ಹುಳಿ ವಾಸನೆ ಹೊಡೆಯುತ್ತಿರುತ್ತದೆ, ಜಗಿದ ಗಮ್ಮು ಸರಕ್ಕೆ ಅಂಟಿಸಿರುತ್ತಾರೆ. ಒಂದು ಕಡೆ ಯಾರೋ ಪರದೆಯ ಹಿಂದೆ ವಾಂತಿ ಮಾಡಿ, ಮೇಲೆ ನಾಲ್ಕು ಬಲೂನು ಕಿತ್ತು ಮುಚ್ಚಿದ್ದರು. ನಾನು ಮೂಗಿಗೆ ತೋಳು ಒತ್ತಿಕೊಂಡು ಹೊರಗೆ ಓಡಿದೆ. ಅತ್ತಿಗೆ ಹಳೆಯ ಪೇಪರು ಹಾಕಿ ಬಳಿದು ತೆಗೆದಳು. ಸಭ್ಯರು ಎಂದರೆ ಯಾರು ಎಂದು ತಿಳಿಯಬೇಕಾದರೆ ಅವರು ಎದ್ದು ಹೋದ ಜಾಗ ನೋಡಬೇಕು.

ಈ ಕಸುಬಿನಲ್ಲಿ ಒಂದು ಕಟ್ಟುಪಾಡಿದೆ. ಅತಿಥಿಗಳ ಮೊದಲ ಕಾರು ಬರುವುದರೊಳಗೆ ಕಟ್ಟಿದವರು ಹಿಂಬಾಗಿಲಿನಿಂದ ಮಾಯವಾಗಬೇಕು. ಪರದೆ ತಾನಾಗಿ ಇಳಿದು ಬಂದ ಹಾಗಿರಬೇಕು. ಅತ್ತಿಗೆಗೆ ಅದರ ಬಗ್ಗೆ ದೂರಿಲ್ಲ. "ಕೆಲಸ ಮುಗೀತು, ನಾವ್ಯಾಕೆ ಅಲ್ಲಿ ಹಲ್ಲಿ ಥರ ಗೋಡೆ ಕಚ್ಕೊಂಡಿರ್ಬೇಕು?" ಎಂದು ಚೀಲ ಹೆಗಲಿಗೇರಿಸಿ ಹೊರಡುತ್ತಾಳೆ. ಹೊರಗಿನವರ ಹತ್ತಿರ ಅವಳು ಗಟ್ಟಿಗಿತ್ತಿ. ಗೋಡೆಗೆ ಅಂಟಿಸುವ ಕೊಂಡಿ ಎಂದರೆ ತಲೆ ಅಡ್ಡ ಆಡಿಸುತ್ತಾಳೆ. ಎರಡು ಕಾಲಿನ ಕಬ್ಬಿಣದ ಸ್ಟ್ಯಾಂಡು ಇಡಲು ಜಾಗ ಕೊಟ್ಟರೆ ಪರದೆ, ಇಲ್ಲದಿದ್ದರೆ ಇಲ್ಲ.

ಆದರೆ ಅವಳ ತಂಗಿಯ ವಿಷಯ ಬಂದರೆ ಈ ಗಟ್ಟಿತನವೆಲ್ಲ ಬಿಸಿಲಿಗಿಟ್ಟ ಬೆಣ್ಣೆ.

ತಂಗಿ ಅವಳಿಗಿಂತ ತುಂಬ ಚಿಕ್ಕವಳು. ತಾಯಿ ಬೇಗ ಹೋದಳು, ತಂದೆ ಇದ್ದೂ ಇಲ್ಲದವನು. ಅತ್ತಿಗೆ ಶಾಲೆ ಬಿಟ್ಟು ಉಡುಗೊರೆ ಅಂಗಡಿಯಲ್ಲಿ ಕಾಗದ ಸುತ್ತುವ ಕೆಲಸಕ್ಕೆ ಸೇರಿದಳು. ತಂಗಿಯ ಹುಟ್ಟುಹಬ್ಬಕ್ಕೆ ಬಲೂನು ಕೊಳ್ಳುವ ಯೋಗ್ಯತೆ ಇರಲಿಲ್ಲ, ಅಂಗಡಿಯ ಪ್ಲಾಸ್ಟಿಕ್ ಚೀಲಗಳಿಗೆ ಗಾಳಿ ತುಂಬಿ, ಬಾಯಿ ಕಟ್ಟಿ, ಬಾಗಿಲಿಗೆ ಸಾಲಾಗಿ ನೇತುಹಾಕುತ್ತಿದ್ದಳಂತೆ. ಹುಡುಗಿ ಅದರ ನಡುವೆ ಒಳಗೆ ಹೊರಗೆ ಓಡುತ್ತಿದ್ದಳಂತೆ. ಪರದೆಯ ಕಸುಬು ಅಲ್ಲಿಂದ ಹುಟ್ಟಿದ್ದು. ಆ ಹುಡುಗಿ ಓದಿದಳು, ದೊಡ್ಡ ಕಚೇರಿಗೆ ಸೇರಿದಳು, ಅಲ್ಲೇ ಒಬ್ಬ ಅನುಕೂಲಸ್ಥನನ್ನು ಮದುವೆಯಾದಳು, ಅಕ್ಕನಿಗೆ ತಿಳಿಸಿದ್ದು ಮದುವೆ ಮುಗಿದ ಮೇಲೆ. ಆಮೇಲೆ ಹೊಳೆ ದಾಟಿದವಳಿಗೆ ಅಂಬಿಗನ ಹಂಗೇನು? ಫೋನು ವಿರಳವಾಯಿತು, ಬರುವುದು ನಿಂತಿತು. ಮಗು ಹುಟ್ಟಿದಾಗ ಅತ್ತಿಗೆ ಆಸ್ಪತ್ರೆಗೆ ಹೋಗಿ ನೋಡಿ ಬಂದದ್ದು ಒಂದೇ ಸಲ. ಅದೂ ಗಂಡನ ಕಡೆಯವರು ಯಾರೂ ಇಲ್ಲದ ಹೊತ್ತು ನೋಡಿ ತಂಗಿಯೇ ಹೇಳಿ ಕರೆಸಿದ್ದಳು. ಅತ್ತಿಗೆಗೆ ಇದರಲ್ಲಿ ಏನೂ ತಪ್ಪು ಕಾಣಲಿಲ್ಲ. "ಮಗೂಗೆ ಸೋಂಕು ಆಗಬಾರದು ಅಂತ" ಎಂದಳು. ನನಗೆ ಆ ಹುಡುಗಿಯ ಬಗ್ಗೆ ಹೇಸಿಗೆ ಶುರುವಾದದ್ದು ಅಂದೇ.

ಮಗುವಿಗೆ ವರ್ಷ ತುಂಬುವಾಗ ಫೋನು ಬಂತು. ಅತ್ತಿಗೆಯ ಕೈ ಬಿಡುವಿರಲಿಲ್ಲ, ಸ್ಪೀಕರಿಗೆ ಹಾಕಿದ್ದಳು.

"ಅಕ್ಕಾ, ನೀನು ಬರಲೇಬೇಕು. ಪರದೆ ನೀನೇ ಹಾಕ್ಬೇಕು. ನಮ್ಮತ್ತೆ ಕಡೆಯವರೆಲ್ಲ ಬರ್ತಾರೆ, ಚೂರೂ ಗೋಡೆ ಕಾಣಬಾರದು."

ಅತ್ತಿಗೆ ಕೇಳಿಸಿಕೊಂಡದ್ದು ಮೊದಲನೇ ಮಾತು. ನಾನು ಕೇಳಿಸಿಕೊಂಡದ್ದು ಉಳಿದದ್ದು.

ಅತ್ತಿಗೆಗೆ ಬೇಕಾಗಿದ್ದದ್ದು ಒಂದೇ, ಅದನ್ನು ಮುಚ್ಚಿಡಲೂ ಇಲ್ಲ. ಪರದೆಯ ಮುಂದೆ ಮನೆಯವರೆಲ್ಲ ನಿಂತು ಫೋಟೋ ತೆಗೆಸಿಕೊಳ್ಳುತ್ತಾರಲ್ಲ, ಅದರಲ್ಲಿ ತಾನೂ ನಿಲ್ಲಬೇಕು. ಮಗುವನ್ನು ಎತ್ತಿಕೊಂಡು. ಎಷ್ಟು ಮನೆಗಳ ದೊಡ್ಡಮ್ಮ, ಚಿಕ್ಕಮ್ಮ, ಸೋದರತ್ತೆಯರು ತನ್ನ ಪರದೆಯ ಮುಂದೆ ನಿಂತದ್ದನ್ನು ಆಮೇಲೆ ಫೋನಿನಲ್ಲಿ ನೋಡಿದ್ದಾಳೋ ಲೆಕ್ಕವಿಲ್ಲ. ತಾನು ಒಂದರಲ್ಲೂ ಇಲ್ಲ. "ಈ ಸಲ ನಾನೂ ದೊಡ್ಡಮ್ಮ ಅಲ್ವೇನೇ" ಎಂದಳು. ನಾನು ಆಸ್ಪತ್ರೆಯ ಪರದೆಗಳನ್ನು ಪಕ್ಕಕ್ಕಿಟ್ಟು ಅವಳಿಗೊಂದು ಪಾದ ಮುಟ್ಟುವ ಹಸಿರು ನಿಲುವಂಗಿ ಹೊಲಿದೆ. ಕೆಳಗಿನ ಅಂಚನ್ನು ಯಂತ್ರಕ್ಕೆ ಕೊಡದೆ ಕೈಯಲ್ಲೇ ಹಾಕಿದೆ. ಅವಳು ಕನ್ನಡಿಯ ಮುಂದೆ ತಿರುಗಿ ತಿರುಗಿ ನೋಡಿಕೊಂಡಳು, ಅಣ್ಣ "ಯಾರಪ್ಪ ಇವರು?" ಎಂದು ಕೇಳಿ ಬೆನ್ನಿಗೆ ಒಂದು ಗುದ್ದು ತಿಂದ. ಅಂದಹಾಗೆ ಅಣ್ಣನಿಗೆ ಕರೆ ಇರಲಿಲ್ಲ. ನನಗೂ ಇರಲಿಲ್ಲ. ನಾನು ಕೊಳವೆ ಹಿಡಿಯುವ ಆಳಾಗಿ ಹೋದೆ.

ಆ ಮನೆಯ ಮುಂದಿನ ಕೋಣೆಗೆ ಹೊಸದಾಗಿ ಬಣ್ಣ ಬಳಿದಿದ್ದರು. ಇನ್ನೂ ವಾಸನೆ ಆರಿರಲಿಲ್ಲ. ಅತ್ತಿಗೆ ಸ್ಟ್ಯಾಂಡಿನ ಕಾಲು ಬಿಡಿಸುತ್ತಿದ್ದಂತೆ ತಂಗಿ ಓಡಿ ಬಂದಳು. ತೆಳ್ಳಗೆ, ನೀಟಾಗಿ, ಉಗುರಿಗೆ ಬಟ್ಟೆಯದೇ ಬಣ್ಣ.

"ಅಯ್ಯೋ, ಆ ಕಬ್ಬಿಣದ ಕಾಲು ಫೋಟೋದಲ್ಲಿ ಕಾಣತ್ತೆ ಅಕ್ಕಾ. ಗೋಡೆಗೇ ಕೊಂಡಿ ಅಂಟಿಸು."

"ಹಸಿ ಬಣ್ಣ ಕಣೇ. ಕೊಂಡಿ ನಿಲ್ಲಲ್ಲ, ಪದರ ಸಮೇತ ಕಿತ್ತು ಬರತ್ತೆ."

"ನನಗೋಸ್ಕರ ಮಾಡು. ಸ್ವಲ್ಪ ಹೊತ್ತು ತಾನೇ."

ಹೊರಗಿನವರಾಗಿದ್ದರೆ ಅತ್ತಿಗೆ ಚೀಲ ಕಟ್ಟುತ್ತಿದ್ದಳು. ಇವಳು ನನಗೋಸ್ಕರ ಎಂದಳು, ಮುಗಿಯಿತು. ಸ್ಟ್ಯಾಂಡನ್ನು ಮಡಚಿ ನನ್ನ ಕೈಗೆ ಕೊಟ್ಟಳು. ನಾನು ಕಣ್ಣು ಕೆಕ್ಕರಿಸಿ ನೋಡಿದೆ, ಅವಳು ನನ್ನ ಕಡೆ ನೋಡಲಿಲ್ಲ. ಹಿಂದಿನ ಗೋಡೆಗಿಂತ ಒಂದು ಮೊಳ ಮುಂದೆ, ಎರಡೂ ಪಕ್ಕದ ಗೋಡೆಗಳಿಗೆ ಕೊಂಡಿ ಅಂಟಿಸಿ ಕೊಳವೆ ಇಟ್ಟೆವು. ಬಿಳಿ, ತಿಳಿನೀಲಿ, ಬೆಳ್ಳಿ. ಪರದೆ ಇಳಿದು ನಿಂತಾಗ, ಬಲೂನು ಕಂಡರಾಗದ ನಾನೂ ಎರಡು ಹೆಜ್ಜೆ ಹಿಂದೆ ಸರಿದು ನೋಡಿದೆ. ಸರಗಳು ನೆಲಕ್ಕೆ ಒಂದು ಗೇಣು ಮೇಲೆ ನಿಂತಿದ್ದವು, ಒಂದೂ ಮೇಲಿಲ್ಲ, ಒಂದೂ ಕೆಳಗಿಲ್ಲ.

ಸಾಮಾನಿನ ಕೋಣೆಯಲ್ಲಿ ಅತ್ತಿಗೆ ಬಟ್ಟೆ ಬದಲಿಸಿದಳು. ಹಸಿರು ನಿಲುವಂಗಿಯಲ್ಲಿ ಹೊರಗೆ ಬಂದವಳನ್ನು ತಂಗಿ ತಲೆಯಿಂದ ಕಾಲಿನ ತನಕ ನೋಡಿದಳು. ಅವಳ ಮುಖದಲ್ಲಿ ಒಂದು ಕ್ಷಣ ಗಾಬರಿ ಕಂಡಿತು. ಈ ಅಕ್ಕ ಹಿಂಬಾಗಿಲಿನಿಂದ ಹೋಗುವುದಿಲ್ಲ ಎಂದು ಆಗಷ್ಟೇ ಹೊಳೆದಿರಬೇಕು.

"ಚೆನ್ನಾಗಿದೆ ಅಕ್ಕಾ" ಎಂದಳು ಮೆಲ್ಲಗೆ. "ಫೋಟೋಗೆ ಕರೀತೀನಿ. ಅಲ್ಲೀ ತನಕ ಅಡುಗೆಮನೆ ಕಡೆ ಇರ್ತೀಯಾ? ಇಲ್ಲಿ ತುಂಬಾ ಜನ."

ಅಡುಗೆಮನೆಯಲ್ಲಿ ನಾವು ನಿಂತೆವು. ಬಾಡಿಗೆ ತಟ್ಟೆಗಳನ್ನು ಒರೆಸುವವರು, ಲೋಟ ತುಂಬುವವರು, ಅವರ ನಡುವೆ ಹಸಿರು ನಿಲುವಂಗಿಯ ದೊಡ್ಡಮ್ಮ. ಆ ಕಡೆಯ ನೆಂಟರ ಪೈಕಿ ಒಬ್ಬ ಹೆಂಗಸು ನೀರು ಕೇಳಲು ಬಂದವಳು ಅತ್ತಿಗೆಯ ಮುಖವನ್ನು ಎರಡು ಸಲ ನೋಡಿದಳು, ಏನೋ ಕೇಳಲು ಹೋಗಿ ಕೇಳದೆ ಹೋದಳು. ಹೊರಗೆ ಮಗುವನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಅತ್ತಿಗೆ ಬಾಗಿಲ ಸಂದಿಯಲ್ಲಿ ನೋಡುತ್ತಿದ್ದಳು. "ನಮ್ಮಮ್ಮನ ಹಣೆ ಬಂದಿದೆ ನೋಡು ಅದಕ್ಕೆ" ಎಂದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕೊನೆಗೂ ತಂಗಿ ಬಂದಳು. "ಅಕ್ಕಾ, ಬೇಗ ಬಾ."

ಅತ್ತಿಗೆ ಹೋದ ರೀತಿ ನೋಡಬೇಕಿತ್ತು. ಕೂದಲು ಸರಿ ಮಾಡಿಕೊಂಡು, ಒದ್ದೆ ಕೈಯನ್ನು ನನ್ನ ಭುಜಕ್ಕೆ ಒರೆಸಿ, ಮಗುವನ್ನು ಎತ್ತಿಕೊಳ್ಳಲು ಆಗಲೇ ತೋಳು ಅರ್ಧ ಚಾಚಿಕೊಂಡು. ನಾನು ಹಿಂದೆಯೇ ಹೋದೆ. ಮನೆಯವರೆಲ್ಲ ಸಾಲಾಗಿ ನಿಂತಿದ್ದರು, ಫೋಟೋದವನು ಕಣ್ಣಿಗೆ ಕ್ಯಾಮರಾ ಹಿಡಿದಿದ್ದ. ಎಡಗಡೆಯ ಕೊಂಡಿ ಬಣ್ಣದ ಪದರ ಸಮೇತ ಗೋಡೆಯಿಂದ ಬಾಯಿ ಬಿಡುತ್ತಿತ್ತು.

"ಹಿಂದೆ ಹೋಗಿ ಕೊಳವೆ ಹಿಡ್ಕೋ, ಎರಡೇ ನಿಮಿಷ" ಎಂದಳು ತಂಗಿ, ಅತ್ತಿಗೆಯ ಕಿವಿಯಲ್ಲಿ.

ಅತ್ತಿಗೆ ಚಾಚಿದ ತೋಳು ಇಳಿಸಿದಳು. ಆಮೇಲೆ ಅಂಚಿನ ಸರ ಸರಿಸಿ ಪರದೆಯ ಹಿಂದಕ್ಕೆ ಹೋಗಿ ಎರಡೂ ಕೈ ಮೇಲೆತ್ತಿ ಕೊಳವೆ ಹಿಡಿದಳು. ನಾನು ಹಿಡಿಯಲು ಹೋದೆ. ನಾನು ಗಿಡ್ಡಿ, ನಿಲುಕಲಿಲ್ಲ. ಎದುರಿನಿಂದ ನೋಡಿದರೆ ಬಲೂನಿನ ಸಾಲು, ಅದರ ಕೆಳಗೆ ಒಂದು ಗೇಣಿನ ಸಂದಿಯಲ್ಲಿ ನಾನು ಕೈಯಲ್ಲಿ ಹಾಕಿದ ಹಸಿರು ಅಂಚು, ಎರಡು ಪಾದ.

"ಅಲ್ಲಿ ಯಾರದ್ದೋ ಕಾಲಿದೆಯಲ್ಲ" ಎಂದರು ತಂಗಿಯ ಅತ್ತೆ.

"ಡೆಕೊರೇಷನ್ನಿನವರು ಅತ್ತೆ" ಎಂದಳು ತಂಗಿ. ಒಂದು ಚೂರೂ ತಡವರಿಸಲಿಲ್ಲ. ಆಮೇಲೆ ಪರದೆಯ ಕಡೆ ತಿರುಗಿ, ಹೊರಗಿನವರಿಗೆ ಹೇಳುವ ದನಿಯಲ್ಲಿ, "ಕಾಲು ಸ್ವಲ್ಪ ಹಿಂದಕ್ಕೆ ಇಟ್ಕೊಳ್ಳಿ" ಎಂದಳು.

ಪಾದಗಳು ಹಿಂದೆ ಸರಿದವು. ಕೊಳವೆಯನ್ನು ಬಿಡುವಂತಿಲ್ಲ, ಹಾಗಾಗಿ ಬಹಳ ಹಿಂದೆ ಹೋಗಲಾರವು. ಎಲ್ಲರೂ ನಕ್ಕರು, ಫೋಟೋದವನು ಇನ್ನೊಂದು ಇನ್ನೊಂದು ಎನ್ನುತ್ತ ತೆಗೆದ. ನಾನು ಎದುರಿಗೆ ನಿಂತು ಆ ಸಾಲಿನ ಒಂದೊಂದು ಮುಖವನ್ನೂ ನೋಡಿದೆ. ತೊಳೆದ, ಪೌಡರು ಮೆತ್ತಿದ, ಹೊಳೆಯುವ ಮುಖಗಳು. ಪರದೆಯ ಹಿಂದಿನ ವಾಂತಿ ಕಂಡಾಗಲೂ ನನಗೆ ಅಷ್ಟು ಅಸಹ್ಯವಾಗಿರಲಿಲ್ಲ.

ಮನೆಗೆ ಬರುವಾಗ ಬಸ್ಸಿನಲ್ಲಿ ನಾನು ಆ ಹುಡುಗಿಯ ವಂಶ ಜಾಲಾಡಿದೆ. ಏರಿದ ಏಣಿಯನ್ನು ಒದೆಯುವವರನ್ನು ನೋಡಿದ್ದೆ, ಏಣಿಗೆ ಸ್ವಲ್ಪ ಹಿಂದೆ ಸರಿ ಎನ್ನುವವರನ್ನು ನೋಡಿರಲಿಲ್ಲ ಎಂದೆ. ಅತ್ತಿಗೆ ಭುಜ ಒತ್ತಿಕೊಳ್ಳುತ್ತ ಕಿಟಕಿಯ ಹೊರಗೆ ನೋಡುತ್ತಿದ್ದಳು.

"ಅವಳಿಗೆ ಅವಳ ಅತ್ತೆ ಭಯ" ಎಂದಳು. ಆಮೇಲೆ, "ಕಾಲಾದ್ರೂ ಬಂದಿರತ್ತೆ ಬಿಡು. ಮಗು ದೊಡ್ಡದಾದ ಮೇಲೆ ನಾನೇ ತೋರಿಸ್ತೀನಿ, ನೋಡು, ಇದು ನಿನ್ನ ದೊಡ್ಡಮ್ಮನ ಕಾಲು ಅಂತ" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಆ ಕಾಲಿನ ಮೇಲೆ ಅವಳು ಅಷ್ಟೊಂದು ಆಸೆ ಇಟ್ಟುಕೊಂಡಿದ್ದು ಕಂಡು ಇನ್ನೂ ಕಸಿವಿಸಿಯಾಯಿತು.

ವಾರ ಕಳೆದು ತಂಗಿಯಿಂದ ಫೋಟೋ ಬಂತು. ಅತ್ತಿಗೆ ಪಂಪು ನಿಲ್ಲಿಸಿ, ಫೋನನ್ನು ಹೊಲಿಗೆ ಯಂತ್ರದ ಮೇಲೆ ನನ್ನ ಮುಂದೆ ಇಟ್ಟು, ಬಿರುಕು ಬೆರಳಿನಿಂದ ಹಿಗ್ಗಿಸಿದಳು. ಮಗು, ತಂಗಿ, ತಂಗಿಯ ಗಂಡ, ಅತ್ತೆ, ಮಾವ. ಹಿಂದೆ ಪರದೆ, ದಾರ ಹಿಡಿದು ಗೆರೆ ಎಳೆದ ಹಾಗೆ ನೇರ. ಕೆಳಗೆ ಸರಿಸಿದಳು. ಸರಗಳ ಕೊನೆಯ ಪುಟ್ಟ ಬಲೂನುಗಳು. ಅದರ ಕೆಳಗೆ ನೆಲದ ಟೈಲ್ಸು. ಬರೀ ಟೈಲ್ಸು. ಬಿಳಿ ಚೌಕ, ಬೂದು ಗೆರೆ, ಬಿಳಿ ಚೌಕ. ಪಾದವಿಲ್ಲ, ಹಸಿರು ಅಂಚಿಲ್ಲ. ತಂಗಿ ಅದನ್ನು ಕಂಪ್ಯೂಟರಿನಲ್ಲಿ ಒರೆಸಿ ಹಾಕಿಸಿದ್ದಳು.

ಅತ್ತಿಗೆ ಆ ಜಾಗವನ್ನು ಇನ್ನೂ ಹಿಗ್ಗಿಸಿದಳು, ಬರೀ ಬಿಳಿ ಕಾಣುವ ತನಕ.

"ಇದು ಬೇರೆ ಫೋಟೋ ಇರ್ಬೇಕು. ನೀನು ಬರೋಕೆ ಮುಂಚೆ ತೆಗ್ದಿರೋದು" ಎಂದೆ ನಾನು. ನನ್ನ ಬಾಯಿಂದ ಯಾಕೆ ಅಂಥ ಮಾತು ಬಂತೋ.

"ಕೊಂಡಿ ಕಿತ್ತಿರೋದು ಕಾಣ್ತಿದೆಯಲ್ಲ" ಎಂದಳು ಅವಳು. ಹೌದು, ಎಡಗಡೆ ಗೋಡೆಯ ಬಣ್ಣ ಹರಿದು ನಿಂತಿತ್ತು. ಅದನ್ನು ಒರೆಸುವುದು ಅವರಿಗೆ ಮುಖ್ಯ ಎನ್ನಿಸಿರಲಿಲ್ಲ. ನಾನು ಥೂ ಎಂದೆ, ಜೋರಾಗಿಯೇ. ಅತ್ತಿಗೆ ಎಂದಿನಂತೆ ತಂಗಿಯ ಪರ ಏನಾದರೂ ಹೇಳುತ್ತಾಳೆ ಎಂದು ಕಾದೆ. ಅವಳು ಹೋಗಿ ಪಂಪಿನ ಮುಂದೆ ಕೂತಳು.

ಅದೇ ದಿನ ಸಂಜೆ ಒಂದು ಹೊಸ ನಂಬರಿನಿಂದ ಕರೆ ಬಂತು. ಅವಳ ಕೈಯಲ್ಲಿ ಅರ್ಧ ಗಂಟು, ಎಂದಿನ ಹಾಗೆ ಸ್ಪೀಕರಿಗೆ ಹಾಕಿದಳು. ಹೆಂಗಸಿನ ದನಿ. ಮಗುವಿನ ಹುಟ್ಟುಹಬ್ಬದಲ್ಲಿ ಪರದೆ ನೋಡಿದ್ದರಂತೆ, ತುಂಬ ಹಿಡಿಸಿತಂತೆ, ಅವರ ಮನೆಯಲ್ಲೂ ಒಂದು ಪಾರ್ಟಿ ಇದೆಯಂತೆ. ಅತ್ತಿಗೆ ಯಾವ ಬಣ್ಣ, ಯಾವ ಹೊತ್ತು ಎಂದು ಕೇಳಿದಳು.

"ಒಂದು ಮಾತು ಕೇಳ್ತೀನಿ, ತಪ್ಪು ತಿಳೀಬೇಡಿ" ಎಂದಿತು ದನಿ. "ಅವತ್ತು ಅಡುಗೆಮನೇಲಿ ನಿಮ್ಮನ್ನ ನೋಡಿದೆ. ನಮ್ಮ ಹುಡುಗನ ಹೆಂಡತಿದೂ ನಿಮ್ಮದೂ ಮುಖ ಒಂದೇ ಅಚ್ಚು. ನೀವು ಅವಳಿಗೆ ಸಂಬಂಧಾನಾ?"

ನನ್ನ ಯಂತ್ರ ನಿಂತಿತು. ಹೇಳು, ಹೇಳಿಬಿಡು ಎಂದು ನಾನು ಬಾಗಿಲಿಗೆ ಬಂದು ಕೈಸನ್ನೆ ಮಾಡಿದೆ. ಒಂದು ಮಾತು ಸಾಕಿತ್ತು, ಆ ಮನೆಯ ಹೊಳಪೆಲ್ಲ ಇಳಿಯಲು. ಅತ್ತಿಗೆ ಗಂಟನ್ನು ಎಳೆದು ಬಿಗಿದಳು, ಬಲೂನನ್ನು ಪೆಟ್ಟಿಗೆಯ ತೂತಿನಲ್ಲಿ ತೂರಿಸಿ ನೋಡಿ ಪಕ್ಕಕ್ಕಿಟ್ಟಳು.

"ಇಲ್ಲ ಮೇಡಂ" ಎಂದಳು. "ಅವರ ಮನೇಲಿ ಒಂದ್ಸಲ ಕೆಲಸ ಮಾಡಿದ್ದೆ, ಅಷ್ಟೇ."

ಆಮೇಲೆ, ಗೋಡೆ ಎಷ್ಟು ಅಗಲ ಇದೆ, ಸ್ಟ್ಯಾಂಡು ಇಡಲು ಜಾಗ ಇದೆಯಾ ಎಂದು ಕೇಳತೊಡಗಿದಳು.